ಹಸುಳೆಯ ಹೃದಯಕ್ಕೆ ಮನೆಯವರ ಕಾವಲು

ಹೃದ್ರೋಗವೆಂದರೆ ವಯಸ್ಸಾದವರ ಬೇನೆ ಎಂದು ನಮ್ಮಲ್ಲಿ ಬಹುಮಂದಿಯ ಎಣಿಕೆ. ನಡುವಯಸ್ಸು ದಾಟಿದ ಯಜಮಾನರು ಎದೆ ಹಿಡಿದುಕೊಂಡು ಕುಳಿತರೆ ಮನೆಯವರಿಗೆ ಒಡನೆಯೆ ಅನುಮಾನ ಹುಟ್ಟುತ್ತದೆ. ಮೂರು ತಿಂಗಳ ಕೂಸು ಮೊಲೆಯುಣ್ಣುತ್ತಿರುವಾಗಲೆ ದಣಿದು ಬಿಟ್ಟುಬಿಟ್ಟರೆ, ಉಣ್ಣುವ ಶ್ರಮಕ್ಕೆ ಹಣೆಯ ಮೇಲೆ ಬೆವರು ಮೂಡಿದರೆ, ಅಳುವಾಗ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದರೆ, ಅದು ಹೃದಯದ ದೂರೆಂದು ಸುಲಭವಾಗಿ ಯಾರಿಗೂ ತೋಚುವುದಿಲ್ಲ. ಆದರೆ ಹುಟ್ಟುವಾಗಲೆ ಹೃದಯದಲ್ಲಿ ಒಂದು ಕೊರತೆಯನ್ನು ಹೊತ್ತುಕೊಂಡು ಬರುವ ಮಕ್ಕಳು ಸಾವಿರಕ್ಕೆ ಎಂಟು ಒಂಬತ್ತು ಎಂದು ವೈದ್ಯರು ಅಂದಾಜು ಹೇಳುತ್ತಾರೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನೆ ತೆಗೆದುಕೊಳ್ಳೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ 2011ರ ಜನಗಣತಿಯಂತೆ 9,90,923 ಜನರಿದ್ದರು. ಸಾವಿರ ಜನಕ್ಕೆ ವರ್ಷಕ್ಕೆ ಹದಿನೈದು ಹೆರಿಗೆಯೆಂದು ಒಂದು ಕೈಲೆಕ್ಕ ಹಾಕಿದರೂ, ಈ ಜಿಲ್ಲೆಯೊಂದರಲ್ಲೆ ಪ್ರತಿವರ್ಷ ನೂರಕ್ಕೆ ಮೇಲ್ಪಟ್ಟ ಕೂಸುಗಳು ಇಂಥ ಹೃದಯದೊಡನೆ ಹುಟ್ಟುತ್ತವೆ. ಎಲ್ಲಕ್ಕೂ ಶಸ್ತ್ರಕ್ರಿಯೆ ಬೇಕಿಲ್ಲ. ಚಿಕ್ಕಪುಟ್ಟ ರಂಧ್ರಗಳು ಎಷ್ಟೋ ವೇಳೆ ತಾವಾಗಿಯೆ ಮುಚ್ಚಿಕೊಳ್ಳುತ್ತವೆ. ಆದರೆ ಶಸ್ತ್ರಕ್ರಿಯೆ ಬೇಕಾದ ಮಕ್ಕಳಿಗೆ ಕಾಲ ಮೀರಬಾರದು. ಇಂಥ ಮಕ್ಕಳಿಗೆ ಹಿಂದಿನವರು ಏನು ಮಾಡುತ್ತಿದ್ದರು, ಚಿಕಿತ್ಸೆ ಎಲ್ಲಿ ಹೇಗೆ ಹುಟ್ಟಿತು, ಅದು ನಮ್ಮ ಬಾಗಿಲಿಗೆ ಬರಲು ಎಷ್ಟು ಕಾಲ ಹಿಡಿಯಿತು, ಆ ಇತಿಹಾಸದಲ್ಲಿ ತಾಯಿತಂದೆಯರ ಪಾಲೆಷ್ಟು ಎಂಬುದನ್ನು ತುಸು ವಿಚಾರಿಸಬಹುದು.

ಮೊದಲು ಕಾಯಿಲೆಯ ಸ್ವರೂಪ. ಹೃದಯದಲ್ಲಿ ನಾಲ್ಕು ಕೋಣೆಗಳು. ಮೈಯಿಂದ ಮರಳಿದ ಕಂದಿದ ರಕ್ತ ಬಲಗಡೆಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಗಾಳಿ ಕುಡಿದು ಕೆಂಪಾದ ರಕ್ತ ಎಡಗಡೆಗೆ ಬಂದು ಮೈಯೆಲ್ಲ ಹರಿಯುತ್ತದೆ. ನಡುವಣ ಗೋಡೆಯಲ್ಲಿ ರಂಧ್ರವಿದ್ದರೆ, ಎರಡು ಗದ್ದೆಗಳ ನಡುವಣ ಬದು ಒಡೆದಂತೆ, ಎಡಗಡೆಯ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶದಲ್ಲಿ ಪ್ರವಾಹವಾಗುತ್ತದೆ. ಆಗ ಕೂಸಿಗೆ ಏದುಸಿರು; ಮೈ ಹತ್ತುವುದಿಲ್ಲ; ಮೇಲಿಂದ ಮೇಲೆ ಪಕ್ಕೆ ಹಾರುವ ಜ್ವರ. ಶ್ವಾಸಕೋಶದ ದಾರಿಯೆ ಇಕ್ಕಟ್ಟಾಗಿದ್ದು ಜೊತೆಗೆ ರಂಧ್ರವೂ ಇದ್ದರೆ, ಕಂದಿದ ರಕ್ತವೆ ಮೈಗೆ ಹರಿದು ಕೂಸು ನೀಲಿಗಟ್ಟುತ್ತದೆ. ಇನ್ನೊಂದು ಬಗೆಯುಂಟು. ಗರ್ಭದಲ್ಲಿರುವಾಗ ಶಿಶು ಉಸಿರಾಡುವುದಿಲ್ಲವಾದ್ದರಿಂದ ಶ್ವಾಸಕೋಶವನ್ನು ಬಳಸಿ ಹೋಗುವ ಒಂದು ಕಿರುಗಾಲುವೆ ಇರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನೆ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಆ ತೂಬು ತೆರೆದೇ ಉಳಿಯುತ್ತದೆ.

ಇದೆಲ್ಲ ಗೊತ್ತಿಲ್ಲದ ಕಾಲದಲ್ಲಿ ಸೊರಗುವ ಕೂಸಿಗೆ ನಮ್ಮ ಹಳ್ಳಿಗಳಲ್ಲಿ ಬಾಲಗ್ರಹವೆನ್ನುತ್ತಿದ್ದರು, ದೃಷ್ಟಿ ತಾಗಿತೆನ್ನುತ್ತಿದ್ದರು. ತಾಯಿತ ಕಟ್ಟಿಸುವುದು, ದೃಷ್ಟಿ ತೆಗೆಯುವುದು, ಹರಕೆ ಹೊರುವುದು ನಡೆಯುತ್ತಿತ್ತು. ದೊಡ್ಡಬಳ್ಳಾಪುರಕ್ಕೆ ಸಮೀಪದ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿ ಸಾಲಾಗಿ ನಿಂತ ನಾಗರಕಲ್ಲುಗಳನ್ನು ನೋಡಿರುತ್ತಾರೆ. ಮಕ್ಕಳಿಗಾಗಿ ಬೇಡಿಕೊಂಡವರು ನಿಲ್ಲಿಸಿದ ಕಲ್ಲುಗಳು ಅವು. ಇದನ್ನು ಕಂಡು ನಗುವುದು ತರವಲ್ಲ. ಆ ಕಾಲಕ್ಕೆ ಪಂಡಿತರಿಗೂ ಇದಕ್ಕಿಂತ ಹೆಚ್ಚಿನ ದಾರಿ ತಿಳಿದಿರಲಿಲ್ಲ; ಯೂರೋಪಿನ ವೈದ್ಯರಿಗೂ ತಿಳಿದಿರಲಿಲ್ಲ.

ಅಲ್ಲಿ 1671ರಲ್ಲೆ ಡೆನ್ಮಾರ್ಕಿನ ಸ್ಟೆನೊ ಎಂಬ ಪಂಡಿತನು ಇಂಥ ಹೃದಯವೊಂದನ್ನು ಕಂಡು ಬರೆದಿಟ್ಟಿದ್ದನು. 1888ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ಫಾಲೊ ಎಂಬ ವೈದ್ಯನು ನೀಲಿಗಟ್ಟುವ ರೋಗಿಗಳ ಹೃದಯದಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುವುದನ್ನು ತೋರಿಸಿದನು. ಇಂದಿಗೂ ಆ ಬೇನೆಗೆ ಅವನದೆ ಹೆಸರು. ಕೆನಡದ ಮಾಡ್ ಅಬಟ್ ಎಂಬ ವೈದ್ಯೆ 1936ರಲ್ಲಿ ಒಂದು ಸಾವಿರ ಹೃದಯಗಳ ವಿವರಗಳನ್ನು ಒಂದು ಗ್ರಂಥದಲ್ಲಿ ಒಟ್ಟುಗೂಡಿಸಿದಳು. ಈ ತಿಳಿವಳಿಕೆಯಲ್ಲಿ ಬಹುಪಾಲು ಬಂದುದು ತೀರಿಕೊಂಡವರ ದೇಹದಿಂದ. ಬದುಕಿರುವ ಮಗುವಿನ ಹೃದಯಕ್ಕೆ ಕೈ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ಇದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ದೊಡ್ಡ ಆಸ್ಪತ್ರೆಗಳು ಏಳುತ್ತಿದ್ದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಹೆಂಗಸರಿಗೂ ಮಕ್ಕಳಿಗೂ ಮೀಸಲಾಗಿ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಪ್ರಾರಂಭವಾಯಿತು. ದೇವನಹಳ್ಳಿಯ ಕಡೆಯವರಿಗೆ ಚಿಕ್ಕಬಳ್ಳಾಪುರದ ಸಣ್ಣ ರೈಲು, ಉಳಿದವರಿಗೆ ಎತ್ತಿನ ಗಾಡಿ, ಆಮೇಲೆ ಮೋಟಾರು ಬಸ್ಸು. ಹೀಗೆ ಸುತ್ತಲಿನ ತಾಲ್ಲೂಕುಗಳಿಂದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತಾಯಂದಿರು ಪೇಟೆಯ ಆಸ್ಪತ್ರೆಗೆ ಬರತೊಡಗಿದರು. ಎದೆಗೆ ಕೊಳವೆಯಿಟ್ಟು ಆಲಿಸಿದ ವೈದ್ಯರಿಗೆ ಹೃದಯದ ಮರ್ಮರ ಕೇಳಿಸುತ್ತಿತ್ತು. ಜ್ವರಕ್ಕೆ ಮದ್ದು, ಏದುಸಿರಿಗೆ ಆಮ್ಲಜನಕ, ಹೃದಯಕ್ಕೆ ಬಲ ಬರಲು ಡಿಜಿಟ್ಯಾಲಿಸ್ ಇವಿಷ್ಟನ್ನು ಆ ಕಾಲದ ವೈದ್ಯಶಾಸ್ತ್ರ ಅವರ ಕೈಗೆ ಕೊಟ್ಟಿತ್ತು. ಬದು ಒಡೆದಿರುವುದು ಗೊತ್ತಾದರೂ ಕಟ್ಟುವ ಉಪಾಯ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

ಮೊದಲ ಉಪಾಯ ಅಮೆರಿಕದ ಬಾಸ್ಟನ್ ನಗರದಲ್ಲಿ ಕಂಡುಬಂತು. 1938ರ ಆಗಸ್ಟ್ 26ರಂದು ರಾಬರ್ಟ್ ಗ್ರಾಸ್ ಎಂಬ ತರುಣ ಶಸ್ತ್ರವೈದ್ಯನು, ತನ್ನ ಹಿರಿಯರು ಊರಿನಲ್ಲಿಲ್ಲದಾಗ, ಏಳು ವರ್ಷದ ಹುಡುಗಿಯೊಬ್ಬಳ ಎದೆಯನ್ನು ತೆರೆದು, ಮುಚ್ಚದೆ ಉಳಿದಿದ್ದ ಆ ಕಿರುಗಾಲುವೆಯನ್ನು ದಾರದಿಂದ ಬಿಗಿದನು. ಹುಡುಗಿ ಉಳಿದಳು. ಹೃದಯವನ್ನೆ ತೆರೆದಿರಲಿಲ್ಲ, ಅದರ ಪಕ್ಕದ ನಾಳವನ್ನಷ್ಟೆ ಕಟ್ಟಿದ್ದು; ಆದರೂ ಬಾಗಿಲು ತುಸು ಸಡಿಲವಾಯಿತು.

ಆರು ವರ್ಷಗಳ ಮೇಲೆ, 1944ರ ನವೆಂಬರ್ 29ರಂದು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹದಿನೈದು ತಿಂಗಳ ನೀಲಿಗೂಸೊಂದನ್ನು ಶಸ್ತ್ರಕ್ರಿಯೆಗೆ ಮಲಗಿಸಿದರು. ಅದರ ತೂಕ ಹತ್ತಿರ ಹತ್ತಿರ ನಾಲ್ಕು ಕಿಲೊ. ನಮ್ಮಲ್ಲಿ ಎರಡು ಮೂರು ತಿಂಗಳ ಕೂಸಿನ ತೂಕ. ತೋಳಿಗೆ ಹೋಗುವ ರಕ್ತನಾಳವನ್ನು ಕತ್ತರಿಸಿ ಶ್ವಾಸಕೋಶದ ನಾಳಕ್ಕೆ ಹೊಲಿದರೆ ಅಲ್ಲಿಗೆ ಹೆಚ್ಚು ರಕ್ತ ಹರಿದೀತು ಎಂಬ ಯೋಚನೆ ಹೆಲೆನ್ ಟೌಸಿಗ್ ಎಂಬ ಮಕ್ಕಳ ವೈದ್ಯೆಯದು. ಆಕೆಗೆ ಕಿವಿ ಮಂದವಾಗಿತ್ತು. ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಹೃದಯದ ಅದುರನ್ನು ತಿಳಿದುಕೊಳ್ಳುತ್ತಿದ್ದಳು. ಶಸ್ತ್ರ ಹಿಡಿದವನು ಆಲ್‌ಫ್ರೆಡ್ ಬ್ಲಾಲಾಕ್. ಅವನ ಬೆನ್ನ ಹಿಂದೆ ಒಂದು ಮಣೆಯ ಮೇಲೆ ನಿಂತು ಹೊಲಿಗೆಯ ಒಂದೊಂದು ಹಂತವನ್ನೂ ಹೇಳಿಕೊಡುತ್ತಿದ್ದವನು ವಿವಿಯನ್ ಥಾಮಸ್. ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮೇಲೆ ಆ ಕ್ರಿಯೆಯನ್ನು ಸಾಧಿಸಿ ತೋರಿಸಿದ್ದವನು. ಅವನು ಕರಿಯ ಜನಾಂಗದವನು, ವೈದ್ಯ ಪದವಿಯಿಲ್ಲದವನು. ಹಾಗಾಗಿ ಬಹುಕಾಲ ಅವನ ಹೆಸರು ಹೊರಗೆ ಬರಲಿಲ್ಲ. ಆ ಕೂಸು ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡಿತಾದರೂ ಕೆಲವು ತಿಂಗಳ ಮೇಲೆ ತೀರಿಕೊಂಡಿತು. ಆದರೆ ಅದರ ಹಿಂದೆ ಬಂದ ಎಷ್ಟೋ ನೀಲಿ ಮಕ್ಕಳು ಕೆಂಪಾಗಿ ಮನೆಗೆ ಹೋದರು.

ಹೃದಯದ ಒಳಗಿನ ರಂಧ್ರವನ್ನು ಹೊಲಿಯಬೇಕಾದರೆ ಹೃದಯವನ್ನು ತೆರೆಯಬೇಕು. ತೆರೆದಾಗ ಮೈಗೆ ರಕ್ತವನ್ನು ಯಾರು ಒತ್ತಬೇಕು? 1953ರಲ್ಲಿ ಜಾನ್ ಗಿಬ್ಬನ್ ಎಂಬವನು ಆ ಕೆಲಸ ಮಾಡುವ ಯಂತ್ರವನ್ನು ಬಳಸಿ ಹದಿನೆಂಟು ವರ್ಷದ ಯುವತಿಯೊಬ್ಬಳನ್ನು ಗುಣಪಡಿಸಿದನು. ಅದರ ಹಿಂದೆ ಮುಂದೆ ಯಂತ್ರದ ಪ್ರಯತ್ನಗಳು ಬಹಳ ಮಟ್ಟಿಗೆ ಸೋತವು. ಆಗ ಮಿನೆಸೋಟದ ವಾಲ್ಟನ್ ಲಿಲೆಹೈ ಎಂಬ ವೈದ್ಯನು ಒಂದು ಅಪೂರ್ವ ಮಾರ್ಗವನ್ನು ಹಿಡಿದನು. ತಾಯಿಯ ಗರ್ಭದಲ್ಲಿ ಶಿಶುವಿಗೆ ತಾಯಿಯ ಹೃದಯ, ಶ್ವಾಸಕೋಶಗಳೆ ದುಡಿಯುತ್ತವಷ್ಟೆ? ಅದನ್ನೆ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಮತ್ತೆ ಏಕೆ ಮಾಡಬಾರದು?

1954ರ ಮಾರ್ಚ್ 26ರಂದು ಒಂದು ವರ್ಷ ತುಂಬಿದ ಗಂಡುಕೂಸನ್ನು ಒಂದು ಮೇಜಿನ ಮೇಲೂ, ಅದೇ ರಕ್ತವರ್ಗದ ಅದರ ತಂದೆಯನ್ನು ಪಕ್ಕದ ಮೇಜಿನ ಮೇಲೂ ಮಲಗಿಸಿ, ಕೊಳವೆಗಳಿಂದ ಇಬ್ಬರ ರಕ್ತಪ್ರವಾಹವನ್ನು ಜೋಡಿಸಿದರು. ಮಗನ ಹೃದಯ ತೆರೆದಿದ್ದಷ್ಟು ಹೊತ್ತೂ ತಂದೆಯ ಮೈಯೆ ಅವನಿಗೆ ಉಸಿರಾಯಿತು. ಹೊಲಿಗೆ ಸರಿಯಾಗಿ ಕೂತಿತ್ತು. ಆದರೆ ಹನ್ನೊಂದು ದಿನಗಳ ಮೇಲೆ ಶ್ವಾಸಕೋಶದ ಜ್ವರದಿಂದ ಮಗು ತೀರಿಕೊಂಡಿತು. ಲಿಲೆಹೈ ಎದೆಗೆಡಲಿಲ್ಲ, ಬೇರೆ ತಾಯಿತಂದೆಯರೂ ಹಿಂದೆಗೆಯಲಿಲ್ಲ. ಈ ಕ್ರಮದಲ್ಲಿ ಒಟ್ಟು 45 ಮಂದಿಗೆ ಶಸ್ತ್ರಕ್ರಿಯೆಯಾಗಿ 28 ಮಂದಿ ಬದುಕಿ ಮನೆಗೆ ಹೋದರು. ರಕ್ತ ಹಂಚಿಕೊಂಡ ಹಿರಿಯರಲ್ಲಿ ಯಾರೂ ಸಾಯಲಿಲ್ಲವಾದರೂ ಒಬ್ಬ ತಾಯಿಗೆ ರಕ್ತದಲ್ಲಿ ಗಾಳಿ ಸೇರಿ ಮೆದುಳಿಗೆ ಏಟು ಬಿದ್ದಿತು. ಒಂದೆರಡು ವರ್ಷಗಳಲ್ಲಿ ಯಂತ್ರಗಳು ಸುಧಾರಿಸಿ ಈ ಕ್ರಮ ನಿಂತಿತು. ಆದರೆ ಮಕ್ಕಳ ತೆರೆದ ಹೃದಯದ ಶಸ್ತ್ರಕ್ರಿಯೆಯ ಮೊದಲ ದಿನಗಳಲ್ಲಿ ಯಂತ್ರದ ಜಾಗದಲ್ಲಿ ಹೆತ್ತವರೇ ಮಲಗಿದ್ದರೆಂಬುದು ಮರೆಯತಕ್ಕ ವಿಷಯವಲ್ಲ.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟ ಊರುಗಳಲ್ಲಿ ವೆಲ್ಲೂರು ಮುಖ್ಯವಾದುದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1940ರ ದಶಕದ ಕೊನೆಯಲ್ಲಿ ಅಮೆರಿಕದಿಂದ ರೀವ್ ಬೆಟ್ಸ್ ಬಂದು ಎದೆಯ ಶಸ್ತ್ರಕ್ರಿಯೆಯ ವಿಭಾಗವನ್ನು ಕಟ್ಟಿದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಡಾ. ಎನ್. ಗೋಪಿನಾಥ್ ಪ್ರಮುಖರು. 1960ರ ಸುಮಾರಿಗೆ ವೆಲ್ಲೂರು, ಮುಂಬಯಿಗಳಲ್ಲಿ ತೆರೆದ ಹೃದಯದ ಶಸ್ತ್ರಕ್ರಿಯೆ ಆರಂಭವಾಯಿತು. ಬಹುಕಾಲ ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ವೆಲ್ಲೂರು. ರೈಲಿನಲ್ಲಿ ಕಾಟ್ಪಾಡಿಯಲ್ಲಿ ಇಳಿಯಬೇಕು; ಭಾಷೆ ಬೇರೆ; ಬಾಡಿಗೆಯ ಕೋಣೆ ಹಿಡಿದು ವಾರಗಟ್ಟಲೆ ಇರಬೇಕು. ಹೊಲವನ್ನೊ ಒಡವೆಯನ್ನೊ ಒತ್ತೆಯಿಡದೆ ಹೋಗಿಬರುವುದು ಸಾಮಾನ್ಯ ಸಂಸಾರಕ್ಕೆ ಆಗದ ಮಾತು.

ಬೆಂಗಳೂರಿನಲ್ಲಿ ಹೃದ್ರೋಗಕ್ಕೆಂದೆ ಸರ್ಕಾರದ ಸಂಸ್ಥೆಯೊಂದು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಬೆಳೆಯಿತು. ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರು ಹೊತ್ತ ಆ ಸಂಸ್ಥೆ ಮುಂದೆ ಬನ್ನೇರುಘಟ್ಟ ರಸ್ತೆಯ ಸ್ವಂತ ಕಟ್ಟಡಕ್ಕೆ ಹೋಯಿತು. 1991ರ ನವೆಂಬರಿನಲ್ಲಿ ಪುಟ್ಟಪರ್ತಿಯಲ್ಲಿ ಶ್ರೀ ಸತ್ಯಸಾಯಿ ಸಂಸ್ಥೆಯ ಆಸ್ಪತ್ರೆ ತೆರೆಯಿತು. ದೇವನಹಳ್ಳಿಯ ಮೇಲೆ ಹಾದುಹೋಗುವ ಹೈದರಾಬಾದ್ ರಸ್ತೆಯೆ ಅಲ್ಲಿಗೂ ದಾರಿ. ಅದೇ ಸಂಸ್ಥೆಯ ಎರಡನೆಯ ಆಸ್ಪತ್ರೆ 2001ರ ಜನವರಿ 19ರಂದು ವೈಟ್‌ಫೀಲ್ಡಿನಲ್ಲಿ, ಎಂದರೆ ಹೊಸಕೋಟೆಯ ನೆರೆಯಲ್ಲೆ, ಪ್ರಾರಂಭವಾಯಿತು. ಎರಡರಲ್ಲಿಯೂ ಚಿಕಿತ್ಸೆಗೆ ಹಣ ಕೇಳುವ ಪದ್ಧತಿಯಿಲ್ಲ. ಹೆಚ್ಚುಕಡಮೆ ಅದೇ ಸಮಯಕ್ಕೆ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಎದ್ದಿತು. ಅದನ್ನು ಕಟ್ಟಿದ ಡಾ. ದೇವಿಪ್ರಸಾದ ಶೆಟ್ಟರು ದಕ್ಷಿಣ ಕನ್ನಡದ ಕಿನ್ನಿಗೋಳಿಯವರು. 1992ರಲ್ಲಿ ಕಲ್ಕತ್ತೆಯಲ್ಲಿ ಒಂಬತ್ತು ದಿನದ ಕೂಸಿಗೆ ಹೃದಯದ ಶಸ್ತ್ರಕ್ರಿಯೆ ಮಾಡಿ ಹೆಸರಾದವರು.

2003ರ ಜುಲೈ ತಿಂಗಳಲ್ಲಿ ನಡೆದ ಒಂದು ಸಂಗತಿ ಅನೇಕರ ನೆನಪಿನಲ್ಲಿರಬಹುದು. ಒಂದೂವರೆ ವರ್ಷ ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಆ ತಿಂಗಳ 11ರಂದು ಮತ್ತೆ ಹೊರಟಿತು. ಲಾಹೋರಿನಿಂದ ಬಂದ ಪ್ರಯಾಣಿಕರಲ್ಲಿ ಎರಡೂವರೆ ವರ್ಷದ ಹೆಣ್ಣುಮಗುವೂ ಅದರ ತಾಯಿತಂದೆಯರೂ ಇದ್ದರು. ಮಗುವಿನ ಹೃದಯದಲ್ಲಿ ರಂಧ್ರಗಳಿದ್ದವು. ಕೆಲವೇ ದಿನಗಳಲ್ಲಿ ಬೊಮ್ಮಸಂದ್ರದಲ್ಲಿ ಶಸ್ತ್ರಕ್ರಿಯೆ ನಡೆದು ಮಗು ಉಳಿಯಿತು. ನೆರೆರಾಜ್ಯದ ಕೂಸಿಗಾಗಿ ನಮ್ಮ ಜನ ಗುಡಿ, ಮಸೀದಿ, ಚರ್ಚುಗಳಲ್ಲಿ ಬೇಡಿಕೊಂಡರು. ಆಸ್ಪತ್ರೆಯ ಪಡಸಾಲೆಯಲ್ಲಿ ಕಾದು ಕುಳಿತ ಹೆತ್ತವರ ಮುಖಕ್ಕೆ ದೇಶವೆಂಬುದಿಲ್ಲವೆಂದು ಆಗ ಎಲ್ಲರಿಗೂ ಕಂಡಿತು.

ವೈದ್ಯವಿದ್ಯೆ ಹತ್ತಿರ ಬಂದಿತು. ಹಣದ ದಾರಿ ಇನ್ನೂ ದೂರವಿತ್ತು. ಸಹಕಾರಿ ಸಂಘಗಳ ರೈತರು ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವಂತಿಗೆ ಹಾಕಿ ಶಸ್ತ್ರಕ್ರಿಯೆಯ ಖರ್ಚನ್ನು ಹಂಚಿಕೊಳ್ಳುವ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂತು. ಹಾಲಿನ ಡೇರಿಗೆ ಎರಡು ಲೀಟರು ಹಾಕುವ ಮನೆಯೂ ಅದರಲ್ಲಿ ಸೇರಬಹುದಾಗಿತ್ತು. 2018ರಲ್ಲಿ ನಿಂತ ಆ ಯೋಜನೆ 2022ರಲ್ಲಿ ಮತ್ತೆ ಚಾಲನೆಗೆ ಬಂತು. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ 2018ರಲ್ಲಿ ಬಂದಿತು. ಇವೆಲ್ಲಕ್ಕಿಂತ ಮೊದಲಿನ ಹೆಜ್ಜೆ ರೋಗವನ್ನು ಗುರುತಿಸುವುದು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗೆ ವರ್ಷದಲ್ಲಿ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕೆಂದು ನಿಯಮ. ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರದ ಕೂಸು, ಎದೆಯಲ್ಲಿ ಮರ್ಮರ ಕೇಳಿಸಿದ ಕೂಸು, ಅಲ್ಲಿಂದ ಜಿಲ್ಲೆಯ ಆಸ್ಪತ್ರೆಗೂ ಮುಂದೆ ದೊಡ್ಡ ಆಸ್ಪತ್ರೆಗೂ ಹೋಗುತ್ತದೆ.

ಇನ್ನು ಆಸ್ಪತ್ರೆಯ ವಾಸದ ವಿಷಯ. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ತಾಯಿಯನ್ನು ಮಕ್ಕಳ ವಾರ್ಡಿನ ಹೊರಗಿಡುತ್ತಿದ್ದರು. ಸೋಂಕಿನ ಭಯ ಒಂದು. ತಾಯಿ ಬಂದುಹೋದರೆ ಮಗು ಅಳುತ್ತದೆಂಬ ನೆಪ ಇನ್ನೊಂದು. ವಾರಕ್ಕೆ ಒಂದೆರಡು ಗಂಟೆ ಮಾತ್ರ ನೋಡಗೊಡುತ್ತಿದ್ದ ಆಸ್ಪತ್ರೆಗಳು ಇಂಗ್ಲೆಂಡಿನಲ್ಲಿ ಇದ್ದವು. ಜೇಮ್ಸ್ ರಾಬರ್ಟ್‌ಸನ್ ಎಂಬವನು 1952ರಲ್ಲಿ ಎರಡು ವರ್ಷದ ಹುಡುಗಿಯೊಬ್ಬಳ ಆಸ್ಪತ್ರೆಯ ದಿನಗಳನ್ನು ಚಲಚ್ಚಿತ್ರವಾಗಿ ತೆಗೆದು ತೋರಿಸಿದನು. ಸುಮ್ಮನಿರುವ ಮಗು ಸಮಾಧಾನದಿಂದಿದೆಯೆಂದು ತಿಳಿಯುವುದು ತಪ್ಪು, ಅದು ದುಃಖದಿಂದ ಸೋತು ಸುಮ್ಮನಾಗಿದೆ ಎಂಬುದು ಅವನ ವಾದ. 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ ಹೆತ್ತವರಿಗೆ ಯಾವ ಹೊತ್ತಿಗಾದರೂ ಪ್ರವೇಶವಿರಬೇಕೆಂದು ಸಲಹೆ ಮಾಡಿತು. ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ತಾಯಿ ಮಗುವಿನ ಮಗ್ಗುಲಲ್ಲೆ ಮಲಗುವುದು ವಾಡಿಕೆಯಾಗಿ ಬಂದದ್ದು. ದಾದಿಯರು ಸಾಲದಿದ್ದುದೂ ಅದಕ್ಕೆ ಒಂದು ಕಾರಣವೆನ್ನಿ. ಆದರೂ ಫಲ ಒಳ್ಳೆಯದೆ.

ಹೃದಯದ ಶಸ್ತ್ರಕ್ರಿಯೆಯಲ್ಲಿ ಮಾತ್ರ ಕೆಲವು ದಿನ ಈ ವಾಡಿಕೆ ನಡೆಯುವುದಿಲ್ಲ. ಮೊದಲು ರಕ್ತಪರೀಕ್ಷೆ, ಎಕೋ ಪರೀಕ್ಷೆ, ರಕ್ತ ಕೊಡುವವರನ್ನು ಹೊಂದಿಸುವ ಓಡಾಟ. ಆಮೇಲೆ ತಂದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು. ಹೆಂಡತಿಗೆ ಓದಿ ಹೇಳಲು ಆಗದ ಸಾಲುಗಳು ಅದರಲ್ಲಿರುತ್ತವೆ. ಮುಂಜಾನೆ ಕೂಸಿಗೆ ಹಾಲು ಕೊಡುವಂತಿಲ್ಲ. ಹಸಿದು ಅಳುವ ಕೂಸನ್ನು ಎತ್ತಿಕೊಂಡು ತಾಯಿ ತಿರುಗಾಡಬೇಕು. ಬಳಿಕ ಬಾಗಿಲು ಮುಚ್ಚುತ್ತದೆ. ಹಲವು ಗಂಟೆ ಕಳೆದ ಮೇಲೆ ಐ.ಸಿ.ಯು.ವಿನಲ್ಲಿ ಕೊಳವೆಗಳ ನಡುವೆ ಮಲಗಿದ ಕೂಸನ್ನು ಒಂದು ಕ್ಷಣ ತೋರಿಸುತ್ತಾರೆ. ಹೊರಗಿನ ಪಡಸಾಲೆಯಲ್ಲಿ ಅಜ್ಜಿಯೊಬ್ಬಳು ಚಾಪೆ ಹಾಸಿ ಕುಳಿತಿರುತ್ತಾಳೆ. ಬೇರೆ ಊರಿನ ಸಂಸಾರಗಳು ಅಲ್ಲಿ ನೆಂಟರಾಗುತ್ತವೆ. ಒಬ್ಬರ ಬುತ್ತಿ ಇನ್ನೊಬ್ಬರಿಗೆ ಹೋಗುತ್ತದೆ. ತಾಯಿ ಎದೆಹಾಲನ್ನು ಹಿಂಡಿ ಒಳಗೆ ಕಳುಹಿಸುತ್ತಾಳೆ.

ಯೋಜನೆಗಳು ಶಸ್ತ್ರಕ್ರಿಯೆಯ ಖರ್ಚನ್ನು ಹೊರುತ್ತವೆ. ಪಡಸಾಲೆಯ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನಿಗೆ ನೇಯ್ದರೆ ಕೂಲಿ. ಮಗ್ಗ ನಿಂತ ದಿನ ಕೂಲಿಯಿಲ್ಲ. ದೇವನಹಳ್ಳಿಯ ತೋಟದವನಿಗೆ ನೀರು ಕಟ್ಟಲು ಇನ್ನೊಬ್ಬನನ್ನು ಹುಡುಕಬೇಕು. ನೆಲಮಂಗಲದ ಸಂಸಾರಕ್ಕೆ ಬೊಮ್ಮಸಂದ್ರವೆಂದರೆ ಬೆಂಗಳೂರು ನಗರವನ್ನು ಉದ್ದಕ್ಕೂ ದಾಟಿದ ಪ್ರಯಾಣ. ಮನೆಯಲ್ಲಿ ಬಿಟ್ಟುಬಂದ ದೊಡ್ಡ ಮಗುವಿಗೆ ಅನ್ನ ಬೇಯಿಸುವವರು ಬೇಕು. ಇದೆಲ್ಲವನ್ನೂ ಅಕ್ಕಪಕ್ಕದವರು, ಸೋದರಮಾವಂದಿರು, ಅಜ್ಜಿಯರು ಹೊರುತ್ತಾರೆ. ನಮ್ಮ ಆಸ್ಪತ್ರೆಗಳ ಇತಿಹಾಸ ಬರೆಯುವವರು ಈ ಅಜ್ಜಿಯರಿಗೂ ಒಂದು ಅಧ್ಯಾಯ ಕೊಡಬೇಕು.

ಕುಟುಂಬದವರ ಈ ಶಕ್ತಿಯನ್ನು ಆಸ್ಪತ್ರೆಗಳು ಈಚೆಗೆ ಕ್ರಮವಾಗಿ ಬಳಸಿಕೊಳ್ಳತೊಡಗಿವೆ. 2010ರ ದಶಕದಲ್ಲಿ ನೂರಾ ಹೆಲ್ತ್ ಎಂಬ ಸಂಸ್ಥೆ ನಾರಾಯಣ ಹೃದಯಾಲಯದ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವರಿಗೆ ವಾರ್ಡಿನಲ್ಲೆ ಪಾಠ ಹೇಳುವ ಕೆಲಸವನ್ನು ಆರಂಭಿಸಿತು. ಗಾಯವನ್ನು ಹೇಗೆ ನೋಡಿಕೊಳ್ಳಬೇಕು, ಕೈ ಹೇಗೆ ತೊಳೆಯಬೇಕು, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬುದನ್ನು ನರ್ಸುಗಳು ಚಿತ್ರ ತೋರಿಸಿ ಕಲಿಸುತ್ತಾರೆ. ಮನೆಗೆ ಹೋದ ಮೇಲೆ ಆರೈಕೆ ಮಾಡುವವರು ಅವರೇ ತಾನೆ?

ರೋಗ ಬಾರದಂತೆ ತಡೆಯುವ ದಾರಿಯೂ ಕೊಂಚಮಟ್ಟಿಗೆ ಉಂಟು. ಗರ್ಭಿಣಿಗೆ ರುಬೆಲ್ಲ ಜ್ವರ ಬಂದರೆ ಶಿಶುವಿನ ಕಣ್ಣು, ಹೃದಯಗಳಿಗೆ ಊನ ಬರಬಹುದೆಂದು 1941ರಲ್ಲಿ ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ತೋರಿಸಿಕೊಟ್ಟನು. ಅದರ ಲಸಿಕೆಯ ರಾಷ್ಟ್ರೀಯ ಆಂದೋಲನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೆ ಉದ್ಘಾಟನೆಯಾಯಿತು. ಇನ್ನೊಂದು ನಮ್ಮ ಮನೆಯೊಳಗಿನ ಮಾತು. ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುವ ಮಕ್ಕಳಿಗೆ ಹೃದಯದ ದೋಷ ಹೆಚ್ಚೆಂದು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದಾರೆ. ಹಾಗೆ ಮದುವೆಯಾದವರ ಮಕ್ಕಳೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ; ದೂರದ ಸಂಬಂಧದವರಿಗೂ ಇಂಥ ಮಕ್ಕಳು ಹುಟ್ಟುತ್ತವೆ. ಬಹುಪಾಲು ಮಕ್ಕಳಲ್ಲಿ ಕಾರಣವೇನೆಂದು ವೈದ್ಯರಿಗೂ ಹೇಳಲಾಗುವುದಿಲ್ಲ. ಆದುದರಿಂದ ತಾಯಿ ಗ್ರಹಣದಲ್ಲಿ ಹೊರಗೆ ಬಂದಳು, ಏನೋ ತಿಂದಳು ಎಂದು ದೂರುವುದಕ್ಕೆ ಆಧಾರವಿಲ್ಲ. ಕೂಸಿನ ಕಾಯಿಲೆಯ ಜೊತೆಗೆ ಆ ದೂರಿನ ಹೊರೆಯನ್ನೂ ಬಾಣಂತಿಯ ತಲೆಯ ಮೇಲೆ ಇಡಬಾರದು.

ಒಂದು ಕಾಲಕ್ಕೆ ಏನೂ ಮಾಡಲಾಗದೆ ಕೈಕಟ್ಟಿ ನಿಂತಿದ್ದ ವೈದ್ಯರು ಇಂದು ಹುಟ್ಟಿದ ವಾರದಲ್ಲೆ ಹೃದಯವನ್ನು ತೆರೆದು ಹೊಲಿಯಬಲ್ಲರು. ಎಷ್ಟೋ ರಂಧ್ರಗಳನ್ನು ಎದೆ ಕೊಯ್ಯದೆ, ತೊಡೆಯ ನಾಳದ ಮೂಲಕ ಕೊಳವೆ ತೂರಿಸಿ ಮುಚ್ಚಬಲ್ಲರು. ಆದರೆ ಅವರ ಕೈಗೆ ಕೂಸು ಸಕಾಲಕ್ಕೆ ತಲುಪಬೇಕು. ಶ್ವಾಸಕೋಶದ ನಾಳಗಳು ಅತಿಯಾದ ಒತ್ತಡದಿಂದ ಗಡುಸಾದ ಮೇಲೆ ರಂಧ್ರ ಮುಚ್ಚಿಯೂ ಪ್ರಯೋಜನವಿಲ್ಲ. ಉಣ್ಣುವಾಗ ದಣಿಯುವ, ಬೆವರುವ, ತುಟಿ ಉಗುರು ನೀಲಿಗಟ್ಟುವ, ತಿಂಗಳು ಕಳೆದರೂ ತೂಕ ಏರದ, ಪದೇ ಪದೇ ಪಕ್ಕೆ ಹಾರುವ ಕೂಸನ್ನು ದೃಷ್ಟಿ ತೆಗೆದು ತೊಟ್ಟಿಲಲ್ಲಿ ಮಲಗಿಸಿ ಸುಮ್ಮನಾಗಬಾರದು. ದೃಷ್ಟಿ ತೆಗೆದರೆ ತೆಗೆಯಲಿ. ಅಂದೇ ಆಸ್ಪತ್ರೆಯ ಹಾದಿಯನ್ನೂ ಹಿಡಿಯಲಿ. ಇದನ್ನು ಮೊದಲು ಕಾಣುವ ಕಣ್ಣು ಯಾವ ಯಂತ್ರದ್ದೂ ಅಲ್ಲ, ಹಾಲೂಡುವ ತಾಯಿಯದು, ಎಣ್ಣೆಯೊತ್ತಿ ನೀರೆರೆಯುವ ಅಜ್ಜಿಯದು. ಅವರು “ಯಾಕೋ ಕೂಸು ಸರಿಯಿಲ್ಲ” ಎಂದಾಗ ಮನೆಯ ಗಂಡಸರು ಕಿವಿಗೊಟ್ಟರೆ ಅರ್ಧ ಚಿಕಿತ್ಸೆ ಆದಂತೆಯೆ.